ಬೀರುವಿನಲ್ಲಿಟ್ಟ ಕೆಂಪು ತೆರೆ

ತೀರ್ಥಹಳ್ಳಿ
೫ ನವೆಂಬರ್ ೨೦೨೫

ಸ್ವಾತಿ ಟೀಚರ್ ಅವರಿಗೆ ಜಟ್ಟಿಂಗಪ್ಪ ಮೇಷ್ಟರ ನಮಸ್ಕಾರ.

ಕೇಳಿ! ಇಪ್ಪತ್ತೆಂಟು ವರ್ಷ ಬಿದಿರುಕೊಪ್ಪ ಶಾಲೆಯ ಹೆಂಚು ನಡುಗುವಂತೆ ಪಾಠ ಮಾಡಿದ ಕಂಠ ಇದು. ಮೈಕಿಲ್ಲದ ನಾಟಕದಲ್ಲಿ ಕೊನೆಯ ಸಾಲಿನ ಕಿವುಡಜ್ಜಿಗೂ ಕೇಳಿಸಿದ ಕಂಠ. ಅದನ್ನು ಡಾಕ್ಟರು ಕೊಯ್ದರು, ಗಂಟು ತೆಗೆದರು, "ಹದಿನೈದು ದಿನ ಒಂದಕ್ಷರ ಆಡಬೇಡಿ, ಮೂರು ತಿಂಗಳು ಕೂಗಲೇಬೇಡಿ" ಎಂದು ಚೀಟಿ ಬರೆದು ಕಳಿಸಿದರು. ಈಗ ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಸ್ಲೇಟು ಹಿಡಿದು ಕೂತಿದ್ದೇನೆ. ಕಾಫಿ ಬೇಕಾದರೂ ಬರೆದು ತೋರಿಸಬೇಕು. ಯಮುನಕ್ಕ ಅದನ್ನು ಓದಿ, "ನೀ ಹುಟ್ಟಿದ್ ಮೇಲೆ ಮೊದಲ್ನೇ ಸಲ ಕಿವಿ ತಣ್ಣಗಿದೆ ಕಣೋ ಜಟ್ಟಿ" ಅನ್ನುತ್ತಾಳೆ. ಒಡಹುಟ್ಟಿದವಳ ಮಾತು ನೋಡಿ!

ಫೋನು ನನಗೆ ನಿಷಿದ್ಧ. ವಾಟ್ಸಾಪಿಗೆ ಬೆರಳು ದಪ್ಪ. ಅಲ್ಲಿ ನೀವು ನೆಟ್‌ವರ್ಕ್ ಹಿಡಿಯಬೇಕಾದರೆ ಗುಡ್ಡ ಹತ್ತಬೇಕು. ಆದ್ದರಿಂದ ಕಾಗದ.

ಜನವರಿ ಮುಗಿಯುವ ತನಕ ನನ್ನ ನಾಲ್ಕನೇ ತರಗತಿ ನಿಮ್ಮ ಕೈಯಲ್ಲಿ. ಇಪ್ಪತ್ತಮೂರು ಮಕ್ಕಳು. ಇಪ್ಪತ್ತೆರಡರ ಬಗ್ಗೆ ನೀವೇ ತಿಳಿಯುವಿರಿ. ಇಪ್ಪತ್ತಮೂರನೆಯವಳು ಸುಮನಾ. ಅಪ್ಪ ಅಮ್ಮ ಕಾರ್ಗಲ್‌ನಲ್ಲಿ ಹೋಟೆಲ್ ಕೆಲಸಕ್ಕಿದ್ದಾರೆ, ಹುಡುಗಿ ಅಜ್ಜಿ ಕನ್ನಮ್ಮನ ಜೊತೆ ಊರಲ್ಲಿ. ಒಂದು ಲೆಕ್ಕ ತಪ್ಪಿದರೆ ಸಾಕು, ಯಾರಾದರೂ ಕಿಸಕ್ಕೆಂದರೆ ಸಾಕು, ಅವಳ ಮುಷ್ಟಿ ಬಿಗಿಯುತ್ತದೆ, ತುಟಿ ಬಿಳಿಚುತ್ತದೆ, ಬೆಂಚಿನಡಿ ಸೇರಿ ಚೀರುತ್ತಾಳೆ, ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಾಳೆ. ಒಬ್ಬರು ಚಾಕಲೇಟು ಕೊಟ್ಟು ಸೋತರು, ಒಬ್ಬರು ಗದರಿಸಿ ಸೋತರು. ನಮ್ಮ ಹೆಡ್‌ಮೇಡಂ ವಾಗ್ದೇವಿಯವರು ಹಾಡಿ ಸೋತರು. ಸಮಾಧಾನ ಮಾಡಿದವನು ನಾನು, ನಾನೊಬ್ಬನೇ. ಜಂಬಕ್ಕೆ ಬರೆಯುತ್ತಿಲ್ಲ, ದಾಖಲೆಗೆ ಇರಲಿ ಎಂದು ಬರೆಯುತ್ತಿದ್ದೇನೆ.

ಪ್ರಯೋಗ ಹೀಗೆ. ಅವಳು ಬೆಂಚಿನಡಿ ಸೇರಿದ ಕೂಡಲೇ ನೀವು ಬಾಗಿಲ ಹೊರಗೆ ಹೋಗಿ. ಮರದ ಅಳತೆಪಟ್ಟಿಯನ್ನು ಗದೆಯಂತೆ ಹೆಗಲಿಗಿಟ್ಟುಕೊಳ್ಳಿ. ಹೊಸ್ತಿಲ ಮೇಲೆ ಮೂರು ಸಲ ಕಾಲು ಅಪ್ಪಳಿಸಿ ಒಳಗೆ ಬನ್ನಿ. "ಯಾರಲ್ಲಿ! ನನ್ನ ಸಾಮ್ರಾಜ್ಯದಲ್ಲಿ ಕಣ್ಣೀರನ್ನು ಒಳಗೆ ಬಿಟ್ಟ ದ್ವಾರಪಾಲಕ ಯಾರು?" ಎಂದು ಆರ್ಭಟಿಸಿ. ಮಕ್ಕಳು, "ನಾವಲ್ಲ ಪ್ರಭೂ!" ಅನ್ನುತ್ತಾರೆ. "ಹಾಗಾದರೆ ಆ ದ್ರೋಹಿಯನ್ನು ಹೆಡೆಮುರಿ ಕಟ್ಟಿ ತನ್ನಿ!" ಅನ್ನಿ. ಹತ್ತು ನಿಮಿಷದಲ್ಲಿ ಹುಡುಗಿ ತಾನೇ ಎದ್ದು ಬರುತ್ತಾಳೆ.

ಇಷ್ಟೇ. ಒಂದಕ್ಷರ ಬಿಟ್ಟಿಲ್ಲ.

ಇಂತಿ,
ಜಟ್ಟಿಂಗಪ್ಪ

ಮರೆತೆ: ತರಗತಿಯ ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಬಂದುಬಿಟ್ಟಿದೆ. ಒಳಗೆ ಮುರಿದ ಗ್ಲೋಬು, ಹಳೇ ನಕ್ಷೆ ಬಿಟ್ಟರೆ ಏನಿಲ್ಲ. ಚಿಂತೆ ಬೇಡ.


ಬಿದಿರುಕೊಪ್ಪ, ತುಮರಿ ಅಂಚೆ
೧೨ ನವೆಂಬರ್ ೨೦೨೫

ಗೌರವಾನ್ವಿತ ಜಟ್ಟಿಂಗಪ್ಪ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಓದುವಾಗ ನಿಮ್ಮ ದನಿ ಕೇಳಿದ ಹಾಗೇ ಆಯಿತು, ನಿಮ್ಮನ್ನು ನಾನು ನೋಡಿಲ್ಲದಿದ್ದರೂ. ಬೇಗ ಹುಷಾರಾಗಿ.

ಮಕ್ಕಳು ಚೆನ್ನಾಗಿದ್ದಾರೆ. ಪಾಠ ಎಲ್ಲಿಯೂ ನಿಂತಿಲ್ಲ. ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಚಾಪೆ ಹಾಸಿದ್ದೇನೆ. ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಬಳೆಚೂರು ಹಾಕಿ, ಮುಚ್ಚಳ ಬಿಗಿ ಮಾಡಿ ಅಲ್ಲಿಟ್ಟಿದ್ದೇನೆ. ಸಿಟ್ಟೋ ಅಳುವೋ ಬಂದವರು ಕೇಳದೆಯೇ ಅಲ್ಲಿ ಹೋಗಿ ಕೂರಬಹುದು. ಬಾಟಲಿ ಅಲ್ಲಾಡಿಸಿ, ಚೂರು ತಳ ಸೇರುವ ತನಕ ನೋಡುತ್ತಾರೆ. ಮಕ್ಕಳು ಅದಕ್ಕೆ 'ಸುಮ್ನಿರೋ ಮೂಲೆ' ಅಂತ ಹೆಸರಿಟ್ಟಿದ್ದಾರೆ. ಸುಮನಾ ಎರಡು ಸಲ ತಾನೇ ಹೋಗಿ ಕೂತಳು. ಹೋದವಾರ ನನ್ನ ಸೆರಗು ಹಿಡಿದುಕೊಂಡೇ ಊಟಕ್ಕೆ ಬಂದಳು.

ಆದ್ದರಿಂದ ನೀವು ಬರೆದ ಪ್ರಯೋಗದ ಅಗತ್ಯ ಇನ್ನೂ ಬಿದ್ದಿಲ್ಲ.

ನಿಮ್ಮ ವಿಶ್ವಾಸಿ,
ಸ್ವಾತಿ


ತೀರ್ಥಹಳ್ಳಿ
೧೭ ನವೆಂಬರ್ ೨೦೨೫

ಸ್ವಾತಿಯವರೇ,

ಬಾಟಲಿ! ಬಳೆಚೂರು! ಚಾಪೆ!

ಯಮುನಕ್ಕನಿಗೆ ಓದಲು ಕೊಟ್ಟೆ. "ಎಷ್ಟ್ ಚೆಂದ ಯೋಚನೆ ಮಾಡಿದಾಳೆ ಹುಡುಗಿ" ಅಂದಳು. ಕಾಗದ ಕಿತ್ತುಕೊಂಡೆ.

ನೋಡಿ, ನಾನು ಹಳಬ. ನೀವು ಟ್ರೈನಿಂಗಿನಲ್ಲಿ ಕಲಿತಿರುತ್ತೀರಿ, ಅಲ್ಲಿ ಬಾಟಲಿಗೆ ಮಾರ್ಕು ಕೊಡುತ್ತಾರೆ. ಆದರೆ ಸುಮನಾ ಬಾಟಲಿ ನೋಡಿ ಸುಮ್ಮನಾದಳೆಂದರೆ ಅದು ಬರೀ ಮುನಿಸು. ನಿಜವಾದದ್ದು ಇನ್ನೂ ರಂಗಕ್ಕೇ ಬಂದಿಲ್ಲ. ಅದು ಬಂದ ದಿನ ನಿಮ್ಮ ಬಾಟಲಿ ಕಿಟಕಿಯಾಚೆ ಹಾರುತ್ತದೆ. ಆಗ ನನ್ನ ಪ್ರಯೋಗ ಮಾಡಿ. ಅಳುಕದೆ, ಗಂಟಲು ಬಿಚ್ಚಿ ಮಾಡಿ. ಇದನ್ನು ಹಿರಿಯನ ಆಜ್ಞೆ ಎಂದೇ ತಿಳಿಯಿರಿ.

ಸೆರಗು ಹಿಡಿದುಕೊಂಡಳೇ? ನನ್ನ ಪಂಚೆಯ ತುದಿಯನ್ನು ಅವಳು ಒಂದು ದಿನವೂ ಮುಟ್ಟಿದವಳಲ್ಲ. ಇರಲಿ, ಹೆಣ್ಣುಮಗು ಅಲ್ಲವೇ, ಸೀರೆಯ ಬಣ್ಣ ನೋಡಿರಬೇಕು.

ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ ಆಗಿರಬೇಕು. ಪ್ರತಿವರ್ಷ ಅವತ್ತು ನನ್ನ ಏಕಪಾತ್ರಾಭಿನಯ. ಈ ಸಲ ಏನು ಮಾಡಿದಿರಿ? ಮಕ್ಕಳು ನನ್ನನ್ನು ಕೇಳಿದರೇ? ಸುಮ್ಮನೆ ಕೇಳಿದೆ. ಪೋಸ್ಟ್‌ಮನ್ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಹೋಗುತ್ತೇನೆ. ಮನೆಯೊಳಗೆ ಕೂತು ಕಾಲು ಜೋಮು ಹಿಡಿದಿದೆ, ಅದಕ್ಕೆ.

ಜಟ್ಟಿಂಗಪ್ಪ


ಬಿದಿರುಕೊಪ್ಪ
೨೭ ನವೆಂಬರ್ ೨೦೨೫

ಸರ್,

ನೀವು ಹೇಳಿದ್ದೇ ಆಯಿತು. ಬಾಟಲಿ ಹಾರಿತು.

ಮೊನ್ನೆ ಮಂಗಳವಾರ ಭಾಗಾಕಾರದ ಲೆಕ್ಕ. ಸುಮನಾ ಬೋರ್ಡಿನ ಮೇಲೆ ಶೇಷ ತಪ್ಪು ಬರೆದಳು. ಬಾಲು ನಕ್ಕ. ಅವನು ಎಲ್ಲದಕ್ಕೂ ನಗುತ್ತಾನೆ, ನಿಮಗೇ ಗೊತ್ತು. ಅವಳು ಚಾಪೆಗೆ ಹೋಗಲಿಲ್ಲ. ಬಾಟಲಿ ಎಸೆದಳು. ಬೆಂಚಿನಡಿ ಸೇರಿ ಕೈ ಕಚ್ಚಿಕೊಳ್ಳತೊಡಗಿದಳು. ರಕ್ತ ಬಂತು, ಸರ್.

ನಾನು ಹತ್ತಿರ ಹೋದೆ, ಅವಳ ಚೀರಾಟ ಹೆಚ್ಚಾಯಿತು. ನನಗೆ ಭಯವಾಯಿತು. ನಿಮ್ಮ ಮಾತು ನೆನಪಾಯಿತು. ಅಳತೆಪಟ್ಟಿ ತೆಗೆದುಕೊಂಡು ಹೊರಗೆ ಹೋಗಿ, ಮೂರು ಸಲ ಕಾಲು ಅಪ್ಪಳಿಸಿ ಬಂದೆ. ಗಂಟಲು ಬಿಚ್ಚಿಯೇ ಕೂಗಿದೆ. ಮಕ್ಕಳಿಗೆ ಕುಶಿಯೋ ಕುಶಿ. "ನಾವಲ್ಲ ಪ್ರಭೂ" ಅಂತ ಕೂಗಿ ಎಲ್ಲ ಬೆಂಚಿನ ಸುತ್ತ ನೆರೆದರು, ಬಗ್ಗಿ ಬಗ್ಗಿ ಅವಳನ್ನೇ ನೋಡಿದರು. "ಹೆಡೆಮುರಿ ಕಟ್ಟಿ" ಅಂದ ಕೂಡಲೇ ಬಾಲು ನಿಜವಾಗಿಯೂ ಅವಳ ಕಾಲು ಹಿಡಿದು ಎಳೆದ. ಅವಳು ನುಗ್ಗಿ ಎದ್ದು, ತಡೆಯಲು ಹೋದ ನನ್ನ ಕೈ ಕಚ್ಚಿ, ಬಾಗಿಲು ದಾಟಿ ಓಡಿದಳು.

ಹಳೇ ಲಾಂಚ್ ಕಟ್ಟೆಯ ಹತ್ತಿರ ಸಿಕ್ಕಿದಳು. ಹಿನ್ನೀರು ಈಗ ತುಂಬಿದೆ. ಸೇತುವೆ ಆದ ಮೇಲೆ ಅಲ್ಲಿ ಮೊದಲಿನ ಹಾಗೆ ಜನ ಇರುವುದಿಲ್ಲ. ಕೊನೆಯ ಮೆಟ್ಟಿಲಿನಲ್ಲಿ, ಮೊಣಕಾಲು ಮಟ್ಟ ನೀರಿನಲ್ಲಿ, ಕಿವಿ ಮುಚ್ಚಿಕೊಂಡು ನಿಂತಿದ್ದಳು. ಕನ್ನಮ್ಮ ಬಂದು ಮನೆಗೆ ಕರೆದುಕೊಂಡು ಹೋದರು. ನನ್ನ ಮುಖ ನೋಡಲಿಲ್ಲ.

ಒಂದು ಮಾತು ಕೇಳಬೇಕು. ಇಷ್ಟೆಲ್ಲ ಆಗುವಾಗ ಅಭಿಷೇಕ ಒಬ್ಬನೇ ಬೆಂಚಿನ ಹತ್ತಿರ ಬರಲಿಲ್ಲ. ಬೀರುವಿನ ಹಿಡಿಕೆ ಹಿಡಿದು ಜಗ್ಗುತ್ತಿದ್ದ. ಆಮೇಲೆ ಕೇಳಿದೆ. "ಒಳಗೆ ಮೇಷ್ಟ್ರು ಕೆಂಪು ಬಟ್ಟೆ ಐತಿ" ಅಂದ. ಯಾಕೆ ಅಂದರೆ, "ಹೇಳಬಾರ್ದು ಟೀಚರ್, ಮೇಷ್ಟ್ರು ಆಣೆ ಹಾಕ್ಸಿದಾರೆ" ಅಂತ ಬಾಯಿ ಮುಚ್ಚಿಕೊಂಡ.

ಆ ಬಟ್ಟೆ ಏನು ಸರ್? ನಿಮ್ಮ ಕಾಗದದಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ಸ್ವಾತಿ


ತೀರ್ಥಹಳ್ಳಿ
೨ ಡಿಸೆಂಬರ್ ೨೦೨೫

ಸ್ವಾತಿಯವರಿಗೆ,

ನಡೆದದ್ದು ತಿಳಿದು ಖೇದವಾಯಿತು. ಕೈಗೆ ಔಷಧಿ ಹಚ್ಚಿಕೊಳ್ಳಿ.

ನಾನು ಬರೆಯಬೇಕಾದ್ದನ್ನೆಲ್ಲ ಬರೆದಿದ್ದೇನೆ. ಒಂದೇ ಮಾತನ್ನು ಇಬ್ಬರು ಆಡಿದರೆ ಒಂದೇ ಫಲ ಬರುತ್ತದೆ ಎನ್ನುವಂತಿಲ್ಲ, ಅದು ರಂಗದ ರಹಸ್ಯ. ಗದೆ ಎಲ್ಲರ ಹೆಗಲಿಗೂ ಒಪ್ಪುವುದಿಲ್ಲ. ಕೆಂಪು ಬಟ್ಟೆ ನನ್ನ ವೇಷದ್ದು, ಹಳೆಯದು, ನಿಮಗೆ ಉಪಯೋಗವಿಲ್ಲ.

ಫೋನಿಗೆ ಡಾಕ್ಟರ ಅಪ್ಪಣೆ ಇನ್ನೂ ಇಲ್ಲ.

ಜಟ್ಟಿಂಗಪ್ಪ


ಬಿದಿರುಕೊಪ್ಪ
೧೦ ಡಿಸೆಂಬರ್ ೨೦೨೫

ಜಟ್ಟಿಂಗಪ್ಪ ಸರ್ ಅವರಿಗೆ,

ಸುಮನಾ ಶಾಲೆಗೆ ಬಂದು ಎರಡು ವಾರವಾಯಿತು. ಇವತ್ತು ಕನ್ನಮ್ಮ ಟಿ.ಸಿ. ಕೇಳಲು ಬಂದಿದ್ದರು. ಹೆಡ್‌ಮೇಡಂ ಎದುರು ಅವರು ಆಡಿದ ಮಾತನ್ನು ಹಾಗೇ ಬರೆಯುತ್ತೇನೆ.

"ನನ್ ಮೊಮ್ಮಗು ಬಿದ್ದು ಒದ್ದಾಡ್ತಿದ್ರೆ ಎಲ್ರೂ ಸುತ್ತ ನಿಂತ್ಕಂಡು ನೋಡ್ತಿದ್ರಂತಲ್ಲ, ಅದೇನ್ ದೊಂಬರಾಟನಾ ಮೇಡಮ್ಮಾ? ಕಾಗ್ದ ಕೊಟ್ಬಿಡಿ. ಎರಡ್ ಎಮ್ಮೆ ಐತಿ, ನೋಡ್ಕಂಡು ಮನೇಲಿರ್ಲಿ. ಎಮ್ಮೆ ನಗೂದಿಲ್ಲ."

ವಾಗ್ದೇವಿ ಮೇಡಂ ಎಷ್ಟೋ ಹೇಳಿದರು. ಕೊನೆಗೆ ಕನ್ನಮ್ಮ ಅಂದರು: "ಜಟ್ಟಿ ಮೇಷ್ಟ್ರು ಬಂದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಇದನ್ನು ಬರೆಯಲು ನನಗೆ ಸಂತೋಷವಿಲ್ಲ ಎಂದು ನಿಮಗೆ ಗೊತ್ತಿರಬಹುದು. ಆದರೂ ಬರೆದಿದ್ದೇನೆ. ತಿಂಗಳ ಕೊನೆಯವರೆಗೆ ಟಿ.ಸಿ. ಕೊಡದೆ ತಡೆಯುತ್ತೇನೆ ಎಂದು ಮೇಡಂ ಹೇಳಿದ್ದಾರೆ. ನೀವು ಒಂದು ಸಲ ಫೋನ್ ಮಾಡಿ ಅವಳ ಹತ್ತಿರ ಎರಡು ಮಾತಾಡಿದರೆ ಸಾಕು. ಪಿಸುಮಾತಾದರೂ ಸಾಕು. ಗುಡ್ಡದ ಮೇಲೆ ನಾನು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಸ್ವಾತಿ


ತೀರ್ಥಹಳ್ಳಿ
೧೪ ಡಿಸೆಂಬರ್ ೨೦೨೫

ಅಮ್ಮಾ ಸ್ವಾತಿ,

ಈ ಕಾಗದದ ಜೊತೆ ಒಂದು ಬೀಗದ ಕೈ ಇದೆ. ಮೊದಲು ಅದನ್ನು ತೆಗೆದು ಪಕ್ಕಕ್ಕಿಡು. ಆಮೇಲೆ ಓದು.

ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗಿನ ಮಾತು. ನಮ್ಮೂರ ನಾಟಕದಲ್ಲಿ ಮುಕುಂದಯ್ಯ ಅಂತ ರಾಜಪಾತ್ರದವರು. ಅವರಿಗೆ ಜ್ವರ ಬಂದು ಒಂದು ರಾತ್ರಿಯ ಮಟ್ಟಿಗೆ ಪಾತ್ರ ನನಗೆ ಬಂತು. ಮೂರು ದಿನ ಕೂರಿಸಿಕೊಂಡು ಮಾತು ಕಲಿಸಿದರು, ನಡಿಗೆ ಕಲಿಸಿದರು, ಮೀಸೆ ತಿರುವುವುದನ್ನೂ ಕಲಿಸಿದರು. ಸಿಂಹಾಸನದ ಎಡಗಾಲು ಮುರಿದಿದೆ, ಬಲಕ್ಕೆ ಭಾರ ಹಾಕಿ ಕೂರಬೇಕು ಅನ್ನುವುದೊಂದನ್ನು ಹೇಳಲಿಲ್ಲ. ಮೂರನೇ ದೃಶ್ಯದಲ್ಲಿ ಗಾಂಭೀರ್ಯದಿಂದ ಕೂತೆ. ಕಿರೀಟ ಒಂದು ಕಡೆ, ನಾನೊಂದು ಕಡೆ! ಇಡೀ ಊರು ನಕ್ಕಿತು. ಪಕ್ಕಕ್ಕೆ ನೋಡಿದರೆ ಜ್ವರದ ಮುಕುಂದಯ್ಯ ಶಾಲು ಹೊದ್ದು ನಿಂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾರೆ. "ಪಾತ್ರ ಬಿಟ್ಟುಕೊಡಬೇಕಾದರೆ ಕೊಡು ಮಾರಾಯ, ಪೂರಾ ಕೊಟ್ಟರೆ ನಾಳೆ ನಿನ್ನನ್ನು ಯಾರು ಕರೀತಾರೆ?" ಅಂತ ಆಮೇಲೆ ಹೇಳಿದರು. ಅವತ್ತು ಪರದೆಯ ಹಿಂದೆ ಕೂತು ಗಟ್ಟಿಯಾಗಿ ಅತ್ತೆ. ಆದರೂ ಕಲಿತದ್ದು ಅದೇ ವಿದ್ಯೆಯನ್ನು.

ನಿನಗೂ ಸಿಂಹಾಸನದ ಮುರಿದ ಕಾಲನ್ನು ನಾನು ಹೇಳಲಿಲ್ಲ.

ಬೀರುವಿನಲ್ಲಿರುವ ಕೆಂಪು ಬಟ್ಟೆ ವೇಷದ್ದಲ್ಲ. ಅದು ತೆರೆ. ಸುಮನಾ ಬೆಂಚಿನಡಿ ಸೇರಿದ ಕೂಡಲೇ ಅಭಿಷೇಕ, ಸೌಜನ್ಯ ಇಬ್ಬರೂ ಅದನ್ನು ತಂದು ಎರಡು ತುದಿ ಹಿಡಿದು ಅವಳ ಮುಂದೆ ನಿಲ್ಲಬೇಕು, ಅವಳಿಗೆ ಬೆನ್ನು ಹಾಕಿ. ಉಳಿದವರೆಲ್ಲ ಬಾಗಿಲ ಕಡೆ ತಿರುಗಬೇಕು. ಆಮೇಲೆಯೇ ನನ್ನ ಪ್ರವೇಶ, ನನ್ನ ಆರ್ಭಟ. ಅದು ಮುಗಿದ ಮೇಲೆ ನಾನು ತೆರೆಯ ಹಿಂದೆ ಹೋಗಿ ಅವಳ ಪಕ್ಕ ಕೂರುತ್ತೇನೆ. ಯಾರ ಕಣ್ಣೂ ಆ ಹುಡುಗಿಯ ಮೇಲೆ ಬೀಳಬಾರದು. ಅವಳಿಗೆ ಆಗದಿರುವುದು ಅದೊಂದೇ. ಇದು ಗೊತ್ತಿದ್ದೂ ಬಚ್ಚಿಟ್ಟೆ. ರಜೆ ಹಾಕುವ ಹಿಂದಿನ ದಿನ ಮಕ್ಕಳಿಂದ ಆಣೆ ಮಾಡಿಸಿದೆ. ಬೀಗದ ಕೈ ಮರೆತು ಬಂದದ್ದಲ್ಲ.

ಇನ್ನೊಂದು ಮಾತು, ಇದಕ್ಕಿಂತ ಕೆಟ್ಟದ್ದು. ನವೆಂಬರ್ ಕೊನೆಯ ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ನೀನು ಸೋತದ್ದಷ್ಟೇ ನನಗೆ ಕಂಡಿತು. ಎದೆಯೊಳಗೆ ಚಪ್ಪಾಳೆ ಬಿತ್ತು. ಎರಡನೇ ಸಲ ಓದಿದಾಗ ಮೊಣಕಾಲು ಮಟ್ಟ ನೀರು ಕಂಡಿತು. ಆದರೂ ನಿನಗೆ ಆ ಸುಳ್ಳು ಉತ್ತರ ಬರೆದೆ. ಸೆರಗು, ಸೆರಗು! ಅದೊಂದು ಸಾಲು ನನ್ನನ್ನು ತಿಂದುಹಾಕಿತ್ತು.

ಫೋನು ಮಾಡಲಾರೆ. ಡಾಕ್ಟರು ಮೆಲ್ಲಗೆ ಮಾತಾಡಿ ಅಂದು ಮೂರು ವಾರವಾಗಿದೆ. ಬೆಳಿಗ್ಗೆ ತುಂಗೆಯ ದಂಡೆಗೆ ಹೋಗಿ ಯಾರೂ ಇಲ್ಲದಾಗ "ಯಾರಲ್ಲಿ" ಅಂದು ನೋಡಿದೆ. ಕೀಚಲು ದನಿ ಬಂತಮ್ಮ, ಹಳೇ ಬಾಗಿಲಿನ ಕೀಲಿನದು. ಬಟ್ಟೆ ಒಗೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಡಾಕ್ಟರು, "ಇನ್ನು ಇಷ್ಟೇ ಇರಬಹುದು ಮೇಷ್ಟ್ರೇ" ಅಂದಿದ್ದಾರೆ. ಈ ದನಿ ಕೇಳಿದರೆ ಸುಮನಾ ನನ್ನನ್ನು ನಂಬುತ್ತಾಳೆಯೇ? ಆರ್ಭಟ ಹೋದ ಮೇಲೆ ಜಟ್ಟಿಂಗಪ್ಪನಲ್ಲಿ ಉಳಿದದ್ದೇನು?

ತೆರೆ ತೆಗೆದುಕೋ. ಕನ್ನಮ್ಮನ ಕಾಲಿಗೆ ನನ್ನ ಪರವಾಗಿ ಬೀಳು.

ಜಟ್ಟಿಂಗಪ್ಪ


ಬಿದಿರುಕೊಪ್ಪ
೨೭ ಡಿಸೆಂಬರ್ ೨೦೨೫

ಸರ್,

ನಿಮ್ಮ ಕಾಗದ ಓದಿ ಎರಡು ದಿನ ಮಡಿಸಿ ಇಟ್ಟಿದ್ದೆ. ಆವತ್ತೇ ಉತ್ತರ ಬರೆದಿದ್ದರೆ ಅದು ಹಿರಿಯರಿಗೆ ಬರೆಯುವ ಕಾಗದ ಆಗಿರುತ್ತಿರಲಿಲ್ಲ. ನನ್ನ ಕೈಯ ಮೇಲೆ ಇನ್ನೂ ಹಲ್ಲಿನ ಗುರುತಿದೆ. ಸುಮನಾಳ ಕೈ ಮೇಲೂ ಇದೆ.

ಮೂರನೇ ದಿನ ಬೀರು ತೆಗೆದೆ. ಮಕ್ಕಳನ್ನು ಆಣೆಯಿಂದ ಬಿಡಿಸಿದೆ. ಭಾನುವಾರ ಅಭಿಷೇಕ, ಸೌಜನ್ಯ ಇಬ್ಬರನ್ನೂ ಕರೆದುಕೊಂಡು ಕನ್ನಮ್ಮನ ಮನೆಗೆ ಹೋದೆ. ಬಾಲುವೂ ಹಿಂದೆ ಬಂದ, ಅಷ್ಟು ದೂರದಲ್ಲಿ.

"ಎಂತದಿದು, ಬಟ್ಟೆ ಮಾರಕ್ ಬಂದ್ರಾ?" ಅಂದರು ಕನ್ನಮ್ಮ.

"ಒಂದೈದು ನಿಮಿಷ ಅಜ್ಜಿ. ನೋಡೂದಿಲ್ಲ, ಯಾರೂ ನೋಡೂದಿಲ್ಲ" ಅಂದ ಅಭಿಷೇಕ.

ಅಂಗಳದಲ್ಲಿ ಇಬ್ಬರೂ ತೆರೆ ಹಿಡಿದು ಬೆನ್ನು ತಿರುಗಿಸಿ ನಿಂತರು. ಸುಮನಾ ಬಾಗಿಲ ಸಂದಿಯಲ್ಲಿದ್ದಳು. ಬಹಳ ಹೊತ್ತಿನ ಮೇಲೆ ತೆರೆಯ ಕೆಳಗೆ ಎರಡು ಪಾದ ಕಂಡವು. ನನಗೆ ಧೈರ್ಯ ಬಂತು. ಈಚೆ ನಿಂತು, ನಿಮ್ಮ ಮಾತನ್ನು ಶುರು ಮಾಡಿದೆ: "ಯಾರಲ್ಲಿ..."

ಒಳಗಿನಿಂದ, "ಅದ್ ಬ್ಯಾಡ ಟೀಚರ್" ಅಂದಳು.

ನಾನು ಆಚೆ ಹೋಗಿ ಅವಳ ಪಕ್ಕ ಕೂತೆ. ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ. ಬಿಡುವ ಆಟ ನಮ್ಮಿಬ್ಬರದೂ ಸಾಕು.

"ಮೇಷ್ಟ್ರು ಕೂಗ್ದಾಗ ನಾನು ಕಿವಿ ಮುಚ್ಕಂತಿದ್ದೆ. ಅದು ಅವ್ರಿಗೆ, ಹೊರಗಿನೋರಿಗೆ. ಆಮೇಲೆ ಒಳಗ್ ಬರ್ತಿದ್ರಲ್ಲ, ಆಗ ಎಂತಾನೂ ಮಾತಾಡ್ತಿರ್ಲಿಲ್ಲ. ಅವ್ರಿಗೆ ಸುಸ್ತಾಗಿರ್ತಿತ್ತು. ಬುಸ್ ಅಂತ ಉಸ್ರು ಬಿಡ್ತಿದ್ರು. ಮೊದ್ಲು ಜೋರು, ಆಮೇಲೆ ನಿಧಾನ. ನಂಗೂ ಹಂಗೇ ಬರ್ತಿತ್ತು."

ಸರ್, ನಿಮ್ಮ ಪ್ರಯೋಗದಲ್ಲಿ ನೀವು ಬರೆಯದೇ ಬಿಟ್ಟದ್ದು ಒಂದಲ್ಲ, ಎರಡು. ಎರಡನೆಯದು ನಿಮಗೂ ಗೊತ್ತಿರಲಿಲ್ಲ.

ಸೋಮವಾರ ಅವಳು ಶಾಲೆಗೆ ಬಂದಳು. ಬುಧವಾರ ಮತ್ತೆ ಬೆಂಚಿನಡಿ ಹೋದಳು. ತೆರೆ ಬಂತು. ನಾನು ಒಳಗೆ ಹೋಗಿ ಕೂತು, ಮೂಗಿನಲ್ಲಿ ಉಸಿರು ತೆಗೆದುಕೊಂಡು ಬಾಯಲ್ಲಿ ಬಿಟ್ಟೆ, ಅವಳಿಗೆ ಕೇಳುವ ಹಾಗೆ. ಏಳೆಂಟು ನಿಮಿಷವಾಗಿರಬೇಕು. ಎದ್ದು, "ಯಾವ ಪುಟ ಟೀಚರ್?" ಅಂತ ಕೇಳಿದಳು. ಕನ್ನಮ್ಮ ಟಿ.ಸಿ. ಮಾತು ಬಿಟ್ಟಿದ್ದಾರೆ. ಎಮ್ಮೆಯ ಹಾಲು ಒಂದು ತಂಬಿಗೆ ಕಳಿಸಿದ್ದರು.

ಈಗ ನನ್ನದು. ಮಕ್ಕಳ ದಿನಾಚರಣೆಗೆ ಇಪ್ಪತ್ತಮೂರು ಮಕ್ಕಳೂ ನಿಮಗೆ ಕಾಗದ ಬರೆದು, ಪೋಸ್ಟ್ ಮಾಡಿ ಅಂತ ನನ್ನ ಕೈಗೆ ಕೊಟ್ಟಿದ್ದರು. ನಾನು ಹಾಸಿದ ಚಾಪೆಯ ಮೇಲೆ ಕೂತೇ ಬರೆದಿದ್ದರು. ಇಪ್ಪತ್ತೆರಡರಲ್ಲೂ ಒಂದೇ ಸಾಲು: ಯಾವಾಗ ಬರ್ತೀರಿ ಮೇಷ್ಟ್ರೇ. ಓದಿ, ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿದೆ. ಮಾರನೇ ವಾರ ನೀವು "ಮಕ್ಕಳು ಕೇಳಿದರೇ" ಅಂತ ಬರೆದಾಗಲೂ ತೆಗೆಯಲಿಲ್ಲ. ಮೂರು ತಿಂಗಳಿಗಾದರೂ ಅವರು ನನ್ನ ಮಕ್ಕಳಾಗಿರಲಿ ಅನ್ನಿಸಿತ್ತು.

ಎಲ್ಲವನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಸುಮನಾದು ಕೊನೆಯಲ್ಲಿದೆ.

ಸ್ವಾತಿ


ತೀರ್ಥಹಳ್ಳಿ
೩ ಜನವರಿ ೨೦೨೬

ಸ್ವಾತಿ,

ಇಪ್ಪತ್ತೆರಡನ್ನು ಓದಿದೆ. ಇಪ್ಪತ್ತಮೂರನೆಯದರಲ್ಲಿ ಓದಲು ಅಕ್ಷರವೇ ಇಲ್ಲ. ಪುಟದ ತುಂಬ ಕೆಂಪು ಪೆನ್ಸಿಲ್ಲು, ಕೆಳಗೆ ನಾಲ್ಕು ಪಾದ. ಎರಡು ಸಣ್ಣವು, ಎರಡು ದೊಡ್ಡವು.

ನೀನು ಇದನ್ನು ಆಗಲೇ ಕಳಿಸಿದ್ದರೆ ನಾನು ಬೀಗದ ಕೈ ಕಳಿಸುತ್ತಿದ್ದೆನೇನೋ. ನಾನು ಬೀಗದ ಕೈ ಕಳಿಸಿದ್ದರೆ ನಿನಗೆ ಈ ಚಿತ್ರ ಅರ್ಥವಾಗುತ್ತಿತ್ತೇನೋ. ಬೈಯಲು ಮೂರು ಸಲ ಕೂತೆ, ಆಗಲಿಲ್ಲ.

ಕಿವಿ ಮುಚ್ಚಿಕೊಳ್ಳುತ್ತಿದ್ದಳೇ? ನಿಜವಾಗಿಯೂ? ಒಂದು ಸಲವೂ ತೆಗೆಯುತ್ತಿರಲಿಲ್ಲವೇ?

ಜಟ್ಟಿಂಗಪ್ಪ


ಬಿದಿರುಕೊಪ್ಪ
೯ ಫೆಬ್ರುವರಿ ೨೦೨೬

ಹೊಸನಗರದಲ್ಲಿರುವ ಸ್ವಾತಿ ತಂಗಿಗೆ,

ಹೊಸ ಶಾಲೆಯಿಂದ ನೀನು ಬರೆದ ಕಾರ್ಡು ಬಂತು. ಒಂದನೇ ತರಗತಿಯ ಹುಡುಗನೊಬ್ಬ ಬೆಳಿಗ್ಗೆಯಿಂದ ಊಟದ ಗಂಟೆಯ ತನಕ ಬಾಗಿಲಿನ ಸರಳಿಗೆ ಅಂಟಿಕೊಂಡು ಅಳುತ್ತಾನೆ ಅಂದೆಯಲ್ಲ. ಅದಕ್ಕೆ ಬರುತ್ತೇನೆ. ಮೊದಲು ನನ್ನ ರಂಗಪ್ರವೇಶ ಕೇಳು.

ಸೋಮವಾರ, ಎರಡನೇ ತಾರೀಖು. ತೊಳೆದ ಪಂಚೆ, ಇಸ್ತ್ರಿಯ ಜುಬ್ಬಾ. ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿ, ಬಾಯಿ ತೆರೆದು ಕಾದಿದ್ದಾರೆ. ಅಭಿಷೇಕ ಅಳತೆಪಟ್ಟಿಯನ್ನು ಎರಡೂ ಕೈಯಲ್ಲಿ ತಂದುಕೊಟ್ಟ. ಬೇಡ ಅನ್ನಬೇಕಿತ್ತು. ಹಾಳು ಅಭ್ಯಾಸ! ಹೆಗಲಿಗೇರಿಸಿದೆ, ಮೂರು ಸಲ ಕಾಲು ಅಪ್ಪಳಿಸಿದೆ, ಎದೆ ತುಂಬ ಗಾಳಿ ತುಂಬಿ, "ಯಾರಲ್ಲಿ!" ಅಂದೆ.

ಕೀಂಯ್ ಅಂತು.

ಆಮೇಲೆ ಬಾಲು ನಕ್ಕ. ಬಾಲು ನಕ್ಕ ಮೇಲೆ ಎಲ್ಲರೂ ನಕ್ಕರು. ಸ್ವಾತೀ, ಹತ್ತೊಂಬತ್ತನೇ ವಯಸ್ಸಿನಲ್ಲಿ ಬಿದ್ದ ಸಿಂಹಾಸನದಿಂದ ನಾನು ಅವತ್ತು ಎರಡನೇ ಸಲ ಬಿದ್ದೆ. ಮುಷ್ಟಿ ಬಿಗಿಯಿತು. ಗದೆ ಕೈಯಿಂದ ಜಾರಿತು. ಐವತ್ತೇಳರ ಗಂಡಸು ಕುರ್ಚಿಯಲ್ಲಿ ಕುಸಿದು, ಮೇಜಿಗೆ ಮುಖ ಒತ್ತಿ ಕೂತುಬಿಟ್ಟೆ.

ಬೀರುವಿನ ಬಾಗಿಲು ಕಿರ್ ಅಂದದ್ದು ಕೇಳಿತು. ತಲೆ ಎತ್ತಿದರೆ ಎದುರಿಗೆ ತರಗತಿಯೇ ಇಲ್ಲ. ಕೆಂಪು. ಬರೀ ಕೆಂಪು. ಆಚೆ ಎರಡು ಜೊತೆ ಪಾದ, ನನಗೆ ಬೆನ್ನು ಹಾಕಿದವು. ಒಂದು ಜೊತೆ ಬಾಲುವಿನದು.

ಸುಮನಾ ಈಚೆ ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನನ್ನ ಮುಖ ನೋಡಲಿಲ್ಲ. ಬುಸ್ ಅಂತ ಉಸಿರು ಬಿಟ್ಟಳು, ಒಂದು ಸಲ, ಇನ್ನೊಂದು ಸಲ. ನಾನೂ ಬಿಟ್ಟೆ. ಮೊದಲು ಜೋರು, ಆಮೇಲೆ ನಿಧಾನ. ನನ್ನ ಪಂಚೆಯ ತುದಿ ಅವಳ ಮುಷ್ಟಿಯೊಳಗಿತ್ತು.

ನನ್ನ ಉಸಿರು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಅವಳು ಪಿಸುಗುಟ್ಟಿದಳು: "ಮೂಗಲ್ಲಿ ತಗಳಿ ಮೇಷ್ಟ್ರೇ, ಬಾಯಲ್ಲಿ ಬಿಡಿ. ಸ್ವಾತಿ ಟೀಚರ್ ಹೇಳ್ಕೊಟ್ಟಿದಾರೆ."

ನನ್ನ ಉಸಿರು! ನನ್ನ ತೆರೆ! ಹೆಸರು ನಿನ್ನದು! ಹೊಟ್ಟೆ ಹೇಗೆ ಉರಿಯಿತೆಂದರೆ, ಮತ್ತೆ ಐದು ಸಲ ಮೂಗಲ್ಲಿ ತೆಗೆದು ಬಾಯಲ್ಲಿ ಬಿಡಬೇಕಾಯಿತು. ಆದರೂ ಅವಳ ಮಾತನ್ನು ತಿದ್ದಲಿಲ್ಲ. ಇಡೀ ನನ್ನ ಆಯುಸ್ಸಿನಲ್ಲಿ ನಾನು ಆಡದೇ ಉಳಿಸಿದ ಅತಿದೊಡ್ಡ ಸಂಭಾಷಣೆ ಅದು, ತಿಳಿದುಕೋ.

ಚಾಪೆ ಅಲ್ಲೇ ಇದೆ. ಬಾಟಲಿಯೂ ಇದೆ, ಹೊಸದು, ಬಳೆಚೂರನ್ನು ಕನ್ನಮ್ಮ ಕೊಟ್ಟರು. ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಒಂದು ಸಲ ಅಲ್ಲಾಡಿಸಿ ನೋಡಿದೆ. ಕೆಟ್ಟದ್ದೇನಲ್ಲ.

ಈಗ ನಿನ್ನ ಸರಳಿನ ಹುಡುಗ. ಪಾರ್ಸೆಲ್ ಬಿಚ್ಚಿದರೆ ಅರ್ಧ ತೆರೆ ಇದೆ. ಭಾನುವಾರ ತೀರ್ಥಹಳ್ಳಿಗೆ ಹೋಗಿ ಯಮುನಕ್ಕನಿಂದ ಅಂಚು ಹೊಲಿಸಿದ್ದೇನೆ. ಒಂದನೇ ತರಗತಿಯ ಮಕ್ಕಳ ಎತ್ತರಕ್ಕೆ ಧಾರಾಳವಾಯಿತು. ಬಟ್ಟೆ ಹಿಡಿಯುವ ಮಕ್ಕಳು ಹಿಂದೆ ತಿರುಗಬಾರದು. ಎಡ ತುದಿಯಲ್ಲಿ ಇಲಿ ಕಡಿದ ತೂತಿದೆ, ಅದರಲ್ಲಿ ಇಣುಕುತ್ತಾರೆ, ಬೆರಳಿನಿಂದ ಮುಚ್ಚಿಕೊಳ್ಳಲು ಹೇಳು. ಅವನು ಬಾಗಿಲು ಬಿಡದಿದ್ದರೆ ತೆರೆಯನ್ನೇ ಬಾಗಿಲಿಗೆ ಒಯ್ಯಿ. ಕೂಗಬೇಡ. ಪಕ್ಕದಲ್ಲಿ ಕೂರು. ಮೊದಲ ದಿನ ಆಗದಿದ್ದರೆ ಎರಡನೇ ದಿನವೂ ಕೂರು. ನನಗೆ ಗೊತ್ತಿರುವುದು ಇಷ್ಟು. ಇಲಿ ಕಡಿದ ತೂತನ್ನೂ ಹೇಳಿದ್ದೇನೆ.

ಉಳಿದ ಅರ್ಧ ನಮ್ಮ ಬೀರುವಿನಲ್ಲಿದೆ. ಬೀಗದ ಕೈ ಈಗ ನನ್ನ ಜೇಬಿನಲ್ಲಿಲ್ಲ. ಬೀರುವಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ಸುಮನಾ ಕೈ ಚಾಚಿದರೆ ಎಟುಕುವಷ್ಟು ಎತ್ತರದಲ್ಲಿ.

ಜಟ್ಟಿಂಗಪ್ಪ